ಮಳೆನೀರು ಕುಡಿದು ಜೋತುಬಿದ್ದ ಜಿಪ್ಸಂ ಸೀಲಿಂಗ್: ಎಷ್ಟು ಬಿಚ್ಚಬೇಕು, ಏನು ಹಾಕಬೇಕು?

ವಿನೋಬನಗರ_ಮನೆ
ಶಿವಮೊಗ್ಗದ ವಿನೋಬನಗರ, ಹಾಲ್ 12×14 ಅಡಿ. ಸ್ಲ್ಯಾಬಿನಿಂದ 8 ಇಂಚು ಕೆಳಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಫ್ರೇಮು, ಅದಕ್ಕೆ 12.5 ಮಿ.ಮೀ. ಜಿಪ್ಸಂ ಬೋರ್ಡು. ಮೇಲುಗಡೆ ಅರ್ಧ ಬಯಲು ತಾರಸಿ, ಇನ್ನರ್ಧ ಒಂದು ರೂಮು, ಅದರ ಬಚ್ಚಲು. ಮಳೆ ಹಿಡಿದ ಮೇಲೆ ಸೀಲಿಂಗ್ ನಡುವೆ ಸುಮಾರು 5×4 ಅಡಿ ಕಂದು ಕಲೆ ಬಂದಿದೆ. ಅಲ್ಲೇ ಬೋರ್ಡು ಮುಕ್ಕಾಲು ಇಂಚು ಜೋತುಬಿದ್ದಿದೆ, ಒಂದು ಜಾಯಿಂಟು ಉದ್ದಕ್ಕೂ ಬಾಯಿ ಬಿಟ್ಟಿದೆ, ಎಲ್‌ಇಡಿ ಲೈಟಿನ ತೂತಿನಿಂದ ಹನಿ ಬೀಳುತ್ತಿದೆ. ಪುಟ್ಟಿ ಎಳೆದು ಬಣ್ಣ ಹೊಡೆದರೆ ಸಾಕು ಅಂತ ಬಣ್ಣದವರು, ಇಡೀ ಹಾಲ್ ಬಿಚ್ಚಿ ಹೊಸದು ಹಾಕೋಣ ಅಂತ ಸೀಲಿಂಗಿನವರು. ಬಿಚ್ಚುವುದಾದರೆ ಎಷ್ಟು ಬಿಚ್ಚಬೇಕು, ಸಾಮಾನು ಎಷ್ಟು ಬೇಕು, ಈ ಮಳೆಯಲ್ಲೇ ಮಾಡಬಹುದಾ? ಗೊತ್ತಿದ್ದವರು ಅಳತೆ ಸಮೇತ ಹೇಳಿ.

ವೈರಿಂಗ್_ಭದ್ರಾವತಿ
ಸೀಲಿಂಗ್ ವಿಷಯ ಆಮೇಲೆ, ಮೊದಲು ಆ ಲೈಟಿನ ಎಂಸಿಬಿ (ಆ ಸಾಲಿನ ಕರೆಂಟು ಕಡಿಯುವ ಬ್ರೇಕರು) ಇಳಿಸಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಎಷ್ಟೋ ಮನೆಗಳಲ್ಲಿ ಸ್ವಿಚ್ಚು ಫೇಸ್ ಬದಲು ನ್ಯೂಟ್ರಲ್ ಕಡಿಯುವ ಹಾಗೆ ವೈರಿಂಗ್ ಇರುತ್ತೆ. ಲೈಟ್ ಆರಿದ್ದರೂ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತೆ. ಒದ್ದೆ ಬೋರ್ಡು, ಅದರ ಹಿಂದೆ ಜಿಐ ಚಾನಲ್ಲು, ಮೇಲೆ ಬಿಚ್ಚಿಟ್ಟ ಕನೆಕ್ಟರು: ಇಡೀ ಫ್ರೇಮಿಗೆ ಕರೆಂಟು ಹರಿಯಲು ಇಷ್ಟು ಸಾಕು. ಎಂಸಿಬಿ ಇಳಿಸಿದ ಮೇಲೆ ಚಾನಲ್ಲಿಗೆ ಟೆಸ್ಟರ್ ತಾಗಿಸಿ ನೋಡಿ, ಆಮೇಲೆ ಕೈ ಹಾಕಿ. ನೀರು ಹೊಕ್ಕ ಎಲ್‌ಇಡಿ ಡ್ರೈವರನ್ನು ಒಣಗಿಸಿ ಮತ್ತೆ ಹಾಕುವುದು ಬೇಡ, ಬದಲಾಯಿಸಿ.

ಸೀಲಿಂಗ್_ಕೆಲಸ
ಮೇಲಿನವರು ಹೇಳಿದ್ದು ಸರಿ. ಅದಾದ ತಕ್ಷಣ ನೀರು ಇಳಿಸಿ. 5×4 ಅಡಿ ಜಾಗದಲ್ಲಿ ಸರಾಸರಿ ಕಾಲು ಇಂಚು ನೀರು ನಿಂತರೂ 12 ಲೀಟರ್ ಹತ್ತಿರ, ಅಂದರೆ 12 ಕೆಜಿ. ಬೋರ್ಡು ಒಂದೊಂದೇ ಸ್ಕ್ರೂ ಬಿಡುವುದಿಲ್ಲ, ಕಾಗದ ಹರಿದು ಒಮ್ಮೆಲೇ ಕಳಚುತ್ತೆ. ಬಕೆಟ್ ಇಟ್ಟು, ನೇರ ಕೆಳಗೆ ನಿಲ್ಲದೆ ಪಕ್ಕದಿಂದ, ಅತಿ ತಗ್ಗಿದ ಜಾಗದಲ್ಲಿ ಸಣ್ಣ ಸ್ಕ್ರೂಡ್ರೈವರಿನಿಂದ ಒಂದು ತೂತು ಚುಚ್ಚಿ.

ಈಗ ಪುಟ್ಟಿಯ ಪ್ರಶ್ನೆ. ಬೋರ್ಡು ಅಂದರೆ ಎರಡು ಕಾಗದದ ನಡುವಿನ ಜಿಪ್ಸಂ. ಬಲದ ಬಹುಪಾಲು ಆ ಕಾಗದದ್ದು. ನೆಂದು ಕಾಗದ ಸಡಿಲವಾದರೆ, ಒಳಗಿನ ಜಿಪ್ಸಂ ಮೆತ್ತಗಾದರೆ, ಒಣಗಿದ ಮೇಲೂ ಮೊದಲಿನ ಬಿಗಿ ಬರುವುದಿಲ್ಲ. ಜೋತುಬಿದ್ದದ್ದು ಜೋತಿರುವ ಆಕಾರದಲ್ಲೇ ಒಣಗುತ್ತೆ. ಹೆಬ್ಬೆರಳಿನಿಂದ ಒತ್ತಿ ನೋಡಿ: ಗಟ್ಟಿ ಇದೆ, ತಟ್ಟಿದರೆ ಟಕ್ ಅನ್ನುತ್ತೆ, ಮಟ್ಟ ತಪ್ಪಿಲ್ಲ ಅಂದರೆ ಕಲೆ ಮಾತ್ರ, ಉಳಿಸಿಕೊಳ್ಳಬಹುದು. ಉಗುರು ಇಳಿದರೆ, ಕಾಗದ ಗುಳ್ಳೆ ಎದ್ದರೆ, ಸ್ಕ್ರೂ ತಲೆ ಸುತ್ತ ಉಂಗುರದ ಹಾಗೆ ಬಿರುಕಿದ್ದರೆ ಅದು ಹೋಯಿತು. ಮುಕ್ಕಾಲು ಇಂಚು ಜೋತಿದ್ದಕ್ಕೆ ಪುಟ್ಟಿ ಎಳೆದರೆ ಭಾರ ಹೆಚ್ಚುತ್ತೆ ಅಷ್ಟೇ.

ಆದರೆ ಇಡೀ ಹಾಲ್ ಬಿಚ್ಚಬೇಕು ಅನ್ನುವುದೂ ಸರಿಯಲ್ಲ. ಜಾಯಿಂಟಿನ ಎರಡೂ ಕಡೆಯ ಎರಡು ಪೂರ್ತಿ ಬೋರ್ಡು ಬಿಚ್ಚಿದರೆ ನಿಮಗೆ ಬೇಕಾದಷ್ಟು ಕಾಣುತ್ತೆ. ಮುಂದಿನದು ಫ್ರೇಮು ನೋಡಿದ ಮೇಲೆ.

ತೀರ್ಥಹಳ್ಳಿ_ಮೇಸ್ತ್ರಿ
ಸೀಲಿಂಗ್ ಬದಲಾಯಿಸುವ ಮಾತು ಆಡುತ್ತಿದ್ದೀರಿ, ನೀರು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲವಲ್ಲ ಮಾರಾಯ್ರೆ. ಕಲೆಯ ನೇರ ಮೇಲೆಯೇ ಸೋರಿಕೆ ಇದೆ ಅಂತ ತಿಳಿಯಬೇಡಿ. ಸ್ಲ್ಯಾಬಿನ ಅಡಿ ಹಿಡಿದು ಹರಿದ ನೀರು ಫ್ರೇಮನ್ನು ಸ್ಲ್ಯಾಬಿಗೆ ತೂಗುಹಾಕಿದ ಹ್ಯಾಂಗರ್ ಪಟ್ಟಿಗಳಲ್ಲಿ ಮೊದಲು ಸಿಕ್ಕದ್ದನ್ನು ಹಿಡಿದು ಇಳಿಯುತ್ತೆ, ಆಮೇಲೆ ಚಾನಲ್ಲಿನ ದೋಣಿಯಲ್ಲಿ ಹರಿದು ಇನ್ನೆಲ್ಲೋ ತುಳುಕುತ್ತೆ. ನಾಲ್ಕೈದು ಅಡಿ ದೂರ ಹೋಗುವುದು ಮಾಮೂಲು.

ನಿಮಗೆ ಶಂಕೆ ಎರಡು ಕಡೆ: ತಾರಸಿ, ಬಚ್ಚಲು. ಮಳೆ ಬಿಟ್ಟು ಎರಡು ದಿನವಾದರೂ ಹನಿ ಅದೇ ವೇಗದಲ್ಲಿದ್ದರೆ ಬಚ್ಚಲು ಅಥವಾ ಪೈಪು. ಮಳೆ ಜೋರಾದಾಗ ಜೋರು, ಬಿಟ್ಟಾಗ ಕಡಿಮೆ ಅಂದರೆ ತಾರಸಿ. ಬಚ್ಚಲಿನ ಪರೀಕ್ಷೆಗೆ ಫ್ಲೋರ್ ಟ್ರ್ಯಾಪಿಗೆ (ನೆಲದ ನೀರು ಹೋಗುವ ಬಾಯಿ) ಪ್ಲಾಸ್ಟಿಕ್ ಸುತ್ತಿದ ಬಟ್ಟೆ ಬಿಗಿದು, ಒಂದು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗೆರೆ ಹಾಕಿ 24 ಗಂಟೆ ಬಿಡಿ. ಗೆರೆಯಿಂದ ನೀರು ಇಳಿದು, ಕೆಳಗೆ ಹನಿ ಹೆಚ್ಚಿದರೆ ನೆಲದ ವಾಟರ್‌ಪ್ರೂಫಿಂಗ್ ಹೋಗಿದೆ. ನೆಲ ಸರಿ ಇದ್ದರೆ ಗೋಡೆಯೊಳಗಿನ ಪೈಪು: ರಾತ್ರಿ ಟ್ಯಾಂಕಿಗೆ ನೀರು ಬರುವುದನ್ನು ನಿಲ್ಲಿಸಿ, ಮಟ್ಟ ಗುರುತಿಸಿ, ಎಲ್ಲಾ ನಲ್ಲಿ ಮುಚ್ಚಿ ಬೆಳಿಗ್ಗೆ ನೋಡಿ.

ತಾರಸಿಯಲ್ಲಿ ಮೊದಲು ನೋಡಬೇಕಾದ್ದು ಮಳೆನೀರು ಇಳಿಯುವ ಪೈಪಿನ ಬಾಯಿ. ಎಲೆ ಕಸ ಕಟ್ಟಿ ನೀರು ನಿಂತರೆ ಒಳ್ಳೆಯ ಸ್ಲ್ಯಾಬೂ ಒಸರುತ್ತೆ. ಎರಡನೆಯದು ಪ್ಯಾರಪೆಟ್ ಗೋಡೆ ಮತ್ತು ಸ್ಲ್ಯಾಬ್ ಸೇರುವ ಮೂಲೆ. ಮೂರನೆಯದು ಪಡುವಣ ಗೋಡೆ. ಗಾಳಿ ಮಳೆ ಅಡ್ಡ ಹೊಡೆದು ಗೋಡೆಯ ಬಿರುಕಿನಲ್ಲಿ ಹೊಕ್ಕು ಲಿಂಟಲ್ ಮೇಲಿಂದ ಸೀಲಿಂಗಿಗೆ ಬರುವುದು ಘಟ್ಟದ ಮೇಲೆ ಸಾಮಾನ್ಯ.

ಸಾಗರ_ಶೀಟ್‌ಮನೆ
ತಾರಸಿ ಮೇಲೆ ಶೀಟ್ ಹಾಕಿಸಿದವರೂ ಹುಷಾರು. ಸ್ಲ್ಯಾಬಿಲ್ಲದೆ ಬರೀ ಮೆಟಲ್ ಶೀಟಿನ ಕೆಳಗೆ ಜಿಪ್ಸಂ ಕಟ್ಟಿದ ಕಡೆ ಸೋರಿಕೆ ಇಲ್ಲದೆಯೂ ಬೋರ್ಡು ನೆನೆಯುತ್ತೆ. ರಾತ್ರಿ ಶೀಟು ತಣ್ಣಗಾಗಿ ಒಳಗಿನ ತೇವದ ಗಾಳಿ ಅದರ ಅಡಿಯಲ್ಲಿ ಹನಿಯಾಗಿ ಬೀಳುತ್ತೆ. ಅಂಥಲ್ಲಿ ಬೋರ್ಡು ಬದಲಾಯಿಸಿ ಪ್ರಯೋಜನ ಇಲ್ಲ. ಶೀಟಿನಡಿ ಇನ್ಸುಲೇಶನ್ ಹಾಳೆ, ಎರಡು ತುದಿಯಲ್ಲಿ ಗಾಳಿ ಆಡುವ ಬಾಯಿ ಬೇಕು. ಎಸಿ ಇದ್ದರೆ ಅದರ ಪೈಪಿನ ಹೊದಿಕೆಯನ್ನೂ ನೋಡಿ. ಹೊದಿಕೆ ಹರಿದ ತಣ್ಣನೆ ಪೈಪಿನಿಂದಲೂ ಇದೇ ಥರ ಕಲೆ ಬರುತ್ತೆ.

ವಿನೋಬನಗರ_ಮನೆ
ಪೈಪಿನ ಬಾಯಿಯಲ್ಲೇ ಕಸ ಕಟ್ಟಿತ್ತು, ತಾರಸಿಯಲ್ಲಿ ನೀರು ನಿಂತಿತ್ತು. ತೆಗೆದ ಮೇಲೆ ಹನಿ ತುಂಬಾ ಕಡಿಮೆ. ಬಚ್ಚಲಿನ ಪರೀಕ್ಷೆಯಲ್ಲಿ ಗೆರೆ ಇಳಿಯಲಿಲ್ಲ. ಈಗ ಬಿಚ್ಚುವ ಕ್ರಮ ಹೇಳಿ.

ಸೀಲಿಂಗ್_ಕೆಲಸ
ಮೊದಲು ಬೋರ್ಡಿನ ಅಂಚು ಎಲ್ಲಿದೆ ಅಂತ ಗುರುತಿಸಬೇಕು. ಕತ್ತಲು ಮಾಡಿ ಟಾರ್ಚನ್ನು ಸೀಲಿಂಗಿಗೆ ಅಡ್ಡಲಾಗಿ ಹಿಡಿದರೆ ಜಾಯಿಂಟು ನೆರಳಾಗಿ ಕಾಣುತ್ತೆ. ಸ್ಕ್ರೂ ಹುಡುಕಲು ಸಣ್ಣ ಅಯಸ್ಕಾಂತ ಎಳೆದುಕೊಂಡು ಹೋಗಿ. ಅದು ಕಚ್ಚಿದ ಕಡೆಯೆಲ್ಲ ಪೆನ್ಸಿಲ್ ಗುರುತು. ಗುರುತು ಸೇರಿಸಿದರೆ ಸೆಕ್ಷನ್ (ಬೋರ್ಡನ್ನು ಸ್ಕ್ರೂ ಹಾಕಿ ಬಿಗಿದ ಜಿಐ ಪಟ್ಟಿ) ಯಾವ ದಿಕ್ಕಿಗೆ ಹೋಗಿದೆ, ಎಷ್ಟು ಅಂತರದಲ್ಲಿದೆ ಅಂತ ಗೊತ್ತಾಗುತ್ತೆ.

ಎಳೆಯುವ ಮುಂಚೆ ಒಂದು ಕೆಲಸ, ಇದನ್ನು ಬಹಳ ಜನ ಬಿಡುತ್ತಾರೆ: ತೆಗೆಯುವ ಬೋರ್ಡಿನ ನಾಲ್ಕೂ ಅಂಚಿನ ಪೇಪರ್ ಟೇಪನ್ನು ಹೊಸ ಬ್ಲೇಡಿನ ಚಾಕುವಿನಿಂದ ಉದ್ದಕ್ಕೂ ಸೀಳಿ. ಸೀಳದೆ ಎಳೆದರೆ ಟೇಪು ಪಕ್ಕದ ಒಳ್ಳೆಯ ಬೋರ್ಡಿನ ಮುಖದ ಕಾಗದವನ್ನೂ ಸುಲಿದುಕೊಂಡು ಬರುತ್ತೆ, ಆಮೇಲೆ ಅದೂ ಹಾಳು. ಬಳಿಕ ಸ್ಕ್ರೂ ಮೇಲಿನ ಪುಟ್ಟಿ ಕೆರೆದು ಬಿಚ್ಚಿ. ತುಕ್ಕು ಹಿಡಿದು ತಲೆ ತಿರುಗದಿದ್ದರೆ ಸುತ್ತಲಿನ ಬೋರ್ಡು ಮುರಿದು, ಉಳಿದ ಕಾಂಡವನ್ನು ಕಟಿಂಗ್ ಪ್ಲೈಯರಿನಿಂದ ಹಿಡಿದು ತಿರುಗಿಸಿ. ಗ್ರೈಂಡರ್ ಮಾತ್ರ ಬೇಡ. ಮೇಲೆ ವೈರು ಯಾವ ಮಟ್ಟದಲ್ಲಿ ಮಲಗಿದೆ ಅಂತ ಗೊತ್ತಿರುವುದಿಲ್ಲ, ಧೂಳೂ ವಿಪರೀತ.

ಮಾಸ್ಕು, ಕನ್ನಡಕ ಕಡ್ಡಾಯ. ಮೇಲೆ ಇಲಿ ಹಿಕ್ಕೆ ಇದ್ದರೆ ಒಣ ಪೊರಕೆ ಆಡಿಸಬೇಡಿ. ಬ್ಲೀಚಿಂಗ್ ನೀರು ಚಿಮುಕಿಸಿ, ನೆಂದ ಮೇಲೆ ಕೈಗವಸು ಹಾಕಿ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಇಲಿ ಜ್ವರ ನಮ್ಮ ಕಡೆ ಹೊಸದೇನಲ್ಲ.

ರಿಪ್ಪನ್‌ಪೇಟೆ_ಓದುಗ
ನಡುವೆ ಒಂದು ಪ್ರಶ್ನೆ. ನಮ್ಮದು ಹಳೆಯ ಮನೆ, ಸೀಲಿಂಗಿಗೆ ಹೊಡೆದಿರುವುದು ಬೂದು ಬಣ್ಣದ ಚಪ್ಪಟೆ ಸಿಮೆಂಟ್ ಶೀಟು. ಬಿಚ್ಚುವ ಕ್ರಮ ಇದೇನಾ?

ಸೀಲಿಂಗ್_ಕೆಲಸ
ಅಲ್ಲ. ಹಳೆಯ ಸಿಮೆಂಟ್ ಶೀಟಿನಲ್ಲಿ ಆಸ್‌ಬೆಸ್ಟಾಸ್ ನಾರು ಇರುವ ಸಾಧ್ಯತೆ ಹೆಚ್ಚು. ಅದನ್ನು ಕತ್ತರಿಸಬೇಡಿ, ಒಡೆಯಬೇಡಿ, ಉಜ್ಜಬೇಡಿ. ಚೆನ್ನಾಗಿ ನೀರು ಸಿಂಪಡಿಸಿ, ಮೊಳೆ ಅಥವಾ ಸ್ಕ್ರೂ ಬಿಚ್ಚಿ ಇಡಿಯಾಗಿ ಇಳಿಸಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಗಟ್ಟಿಯಾಗಿದ್ದು ಸೋರದಿದ್ದರೆ ಬಣ್ಣ ಹೊಡೆದು ಹಾಗೇ ಬಿಡುವುದೇ ಮೇಲು.

ತೀರ್ಥಹಳ್ಳಿ_ಮೇಸ್ತ್ರಿ
ಬೋರ್ಡು ಇಳಿಸಿದ ಕೂಡಲೇ ಸ್ಲ್ಯಾಬಿನ ಅಡಿ ನೋಡಿ, ಈ ಅವಕಾಶ ಮತ್ತೆ ಸಿಗುವುದಿಲ್ಲ. ಬಿಳಿ ಸುಣ್ಣದ ಗೆರೆ ಇದ್ದರೆ ಸೋರಿಕೆ ಹಳೆಯದು. ಕೆಂಪು ತುಕ್ಕಿನ ಗೆರೆ ಕಬ್ಬಿಣದ ಸರಳಿನ ಗುಂಟ ಇದ್ದರೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಕಾಂಕ್ರೀಟು ಬಿಟ್ಟಿದೆ. ಅದನ್ನು ಕೆದಕಿ, ಸರಳು ಶುಚಿ ಮಾಡಿ, ರಿಪೇರಿ ಮಾರ್ಟರ್ ಹಾಕದೆ ಸೀಲಿಂಗ್ ಮುಚ್ಚಿದರೆ ಮುಂದೆ ತಲೆ ಮೇಲೆ ಬೀಳುವುದು ಜಿಪ್ಸಂ ಅಲ್ಲ.

ಒಣಗಿದೆಯಾ ಅಂತ ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಸ್ಲ್ಯಾಬಿನಡಿಗೆ ನಾಲ್ಕೂ ಕಡೆ ಟೇಪು ಒತ್ತಿ ಒಂದು ದಿನ ಬಿಡಿ. ಹಾಳೆಯ ಒಳಮುಖದಲ್ಲಿ ಹನಿ ಕಟ್ಟಿದರೆ ಸ್ಲ್ಯಾಬು ಇನ್ನೂ ನೀರು ಬಿಡುತ್ತಿದೆ. ಹೊರಮುಖದಲ್ಲಿ ಮಾತ್ರ ಪಸೆ ಇದ್ದರೆ ಅದು ಮಳೆಗಾಲದ ಗಾಳಿಯ ಥಂಡಿ, ಚಿಂತೆ ಇಲ್ಲ.

ತಾರಸಿಗೆ ಬಳಿಯುವ ವಾಟರ್‌ಪ್ರೂಫ್ ಕೋಟಿಂಗನ್ನು ಈಗ ಹೊಡೆಸಬೇಡಿ. ಒದ್ದೆ ಸ್ಲ್ಯಾಬಿನ ಮೇಲೆ ಹೊಡೆದದ್ದು ಬಿಸಿಲು ಬಂದಾಗ ಗುಳ್ಳೆ ಎದ್ದು ಸುಲಿಯುತ್ತೆ. ಈಗ ಪೈಪಿನ ಬಾಯಿ ಬಿಡಿಸಿ, ಬಿರುಕಿನ ಮೇಲೆ ಟಾರ್ಪಾಲು. ಕೋಟಿಂಗ್ ಫೆಬ್ರವರಿ, ಮಾರ್ಚಿಗೆ. ಇಳಿಜಾರು 100ಕ್ಕೆ 1 ಆದರೂ ಇರಬೇಕು, ಅಂದರೆ 10 ಅಡಿಗೆ ಒಂದೂಕಾಲು ಇಂಚು.

ವಿನೋಬನಗರ_ಮನೆ
ಎರಡು ಬೋರ್ಡು ಇಳಿಸಿಯಾಯಿತು. ಸ್ಲ್ಯಾಬಿನಲ್ಲಿ ಬಿಳಿ ಗೆರೆ ಇದೆ, ಟೊಳ್ಳು ಇಲ್ಲ. ಫ್ರೇಮಿನಲ್ಲಿ ಸೆಕ್ಷನ್ ನಡುವಿನ ಅಂತರ ಒಂದು ಕಡೆ 18 ಇಂಚು, ಜೋತುಬಿದ್ದ ಕಡೆ 24 ಇಂಚು! ಎರಡು ಹ್ಯಾಂಗರನ್ನು ಸ್ಲ್ಯಾಬಿಗೆ ಹಿಡಿದಿರುವ ಕ್ಲೀಟು ಕೆಂಪಗೆ ತುಕ್ಕಾಗಿದೆ.

ಸೀಲಿಂಗ್_ಕೆಲಸ
ಜೋತುಬೀಳಲು ನೀರಿನ ಜೊತೆಗೆ ಅದೂ ಕಾರಣ. 18 ಇಂಚಿನ ಲೆಕ್ಕ ಸುಮ್ಮನೆ ಬಂದದ್ದಲ್ಲ. 6 ಅಡಿ ಬೋರ್ಡು ಅಂದರೆ 72 ಇಂಚು. 18ರಂತೆ ನಾಲ್ಕು ಅಂಕಣ, ಎರಡು ತುದಿಯೂ ಸರಿಯಾಗಿ ಸೆಕ್ಷನ್ನಿನ ಮಧ್ಯಕ್ಕೆ ಕೂರುತ್ತೆ. 24ಕ್ಕೂ ತುದಿ ಕೂರುತ್ತೆ, ಆದರೆ ನಡುವೆ ಆಸರೆ ಕಡಿಮೆ. ಒಣ ಹವೆಯಲ್ಲಿ ಹೇಗೋ ನಿಲ್ಲಬಹುದು. ಇಲ್ಲಿ ನಾಲ್ಕು ತಿಂಗಳು ತೇವದ ಗಾಳಿ ಕುಡಿಯುವ ಬೋರ್ಡು ಆ ಅಂತರದಲ್ಲಿ ತಗ್ಗದೆ ಇರದು. ಪ್ರತಿ ಮನೆಗೆ ಎರಡು ಮೂರು ಸೆಕ್ಷನ್ ಉಳಿಸಿ ಲಾಭ ಮಾಡುವ ಕೆಟ್ಟ ಚಾಳಿ ಇದು.

ಫ್ರೇಮು ಹೀಗಿರಬೇಕು. ಗೋಡೆ ಸುತ್ತ ಪೆರಿಮೀಟರ್ ಚಾನಲ್, 2 ಅಡಿಗೊಂದು ಸ್ಕ್ರೂ. ಸ್ಲ್ಯಾಬಿನಿಂದ ಕ್ಲೀಟು, ಆ್ಯಂಕರ್ ಫಾಸ್ಟನರ್, ಆ್ಯಂಗಲ್ ಪಟ್ಟಿ ಇಳಿದು 45 ಮಿ.ಮೀ. ಇಂಟರ್‌ಮೀಡಿಯೆಟ್ ಚಾನಲ್ಲನ್ನು ಹಿಡಿಯುತ್ತೆ. ಈ ಚಾನಲ್ಲುಗಳ ನಡುವೆ 4 ಅಡಿ, ಒಂದೊಂದರಲ್ಲೂ ಹ್ಯಾಂಗರ್ 4 ಅಡಿಗೊಂದು. ಅದಕ್ಕೆ ಅಡ್ಡಲಾಗಿ ಸೀಲಿಂಗ್ ಸೆಕ್ಷನ್, ಪ್ರತಿ ಕೂಡುವಲ್ಲೂ ಕನೆಕ್ಟಿಂಗ್ ಕ್ಲಿಪ್. ಸೆಕ್ಷನ್ ದಪ್ಪ 0.5 ಮಿ.ಮೀ.ಗೆ ಕಡಿಮೆ ಬೇಡ. ಇಂಟರ್‌ಮೀಡಿಯೆಟ್ 0.9. ಅಂಗಡಿಯಲ್ಲಿ ವರ್ನಿಯರ್ ಹಿಡಿದೇ ನೋಡಿ, ಕೈಯಲ್ಲಿ ತೂಗಿದರೆ ತಿಳಿಯುವುದಿಲ್ಲ.

ತುಕ್ಕಿನ ಬಗ್ಗೆ: ಬಿಳಿ ಪುಡಿ ಇದ್ದರೆ ಸತುವಿನ ಲೇಪ ಇನ್ನೂ ಇದೆ, ಒರೆಸಿ ಬಿಡಿ. ಕೆಂಪಾಗಿ ಹಕ್ಕಳೆ ಏಳುತ್ತಿದ್ದರೆ ಬದಲಾಯಿಸಿ. ತುಕ್ಕಾದ ಕ್ಲೀಟಿನ ಪಕ್ಕ, ಬಿರುಕಿಲ್ಲದ ಕಡೆ ಹೊಸ ತೂತು. ಹಳೆಯ ತೂತಿಗೇ ದೊಡ್ಡ ಫಾಸ್ಟನರ್ ಬಡಿಯುವುದು ಬೇಡ. ನಿಮ್ಮ 24 ಇಂಚಿನ ಕಡೆ ಹೊಸ ಸೆಕ್ಷನ್ ಸೇರಿಸಿದರೆ ಸಾಲದು, ಇದ್ದದ್ದನ್ನು ಕ್ಲಿಪ್ ಬಿಚ್ಚಿ ಸರಿಸಿ 18ಕ್ಕೆ ಹೊಂದಿಸಿ.

ವೈರಿಂಗ್_ಭದ್ರಾವತಿ
ಡ್ರಿಲ್ ಮಾಡುವವರಿಗೆ: ಸ್ಲ್ಯಾಬಿನೊಳಗೆ ಪೈಪಿನಲ್ಲಿ ವೈರು ಹೋಗಿರುತ್ತೆ. ಫ್ಯಾನ್ ಬಾಕ್ಸಿನಿಂದ ಸ್ವಿಚ್ ಬೋರ್ಡಿನ ಗೋಡೆಗೆ ಹೋಗುವ ನೇರ ದಾರಿಯಲ್ಲಿ ತೂತು ಬೇಡ. ಡ್ರಿಲ್ ಬಿಟ್ಟಿಗೆ 40 ಮಿ.ಮೀ.ಯಲ್ಲಿ ಟೇಪು ಸುತ್ತಿ ಗುರುತು ಮಾಡಿಕೊಳ್ಳಿ. ಫ್ಯಾನ್ ರಾಡು ಸ್ಲ್ಯಾಬಿನ ಕೊಕ್ಕೆಯಿಂದಲೇ ಇಳಿಯಬೇಕು, ಚಾನಲ್ಲಿಗೆ ಕಟ್ಟಲೇಬಾರದು. ಫ್ಯಾನಿನ ಅದುರು ಬೋರ್ಡಿಗೆ ತಾಗದ ಹಾಗೆ ರಾಡಿನ ಸುತ್ತ ಅರ್ಧ ಇಂಚು ಬಿಡಿ.

ವಿನೋಬನಗರ_ಮನೆ
ಇಡೀ ಹಾಲ್ ಹೊಸದಾಗಿ ಮಾಡಿದರೆ ಸಾಮಾನು ಎಷ್ಟು ಬೇಕಾಗುತ್ತೆ? ತುಲನೆ ಮಾಡಲು.

ಸೀಲಿಂಗ್_ಕೆಲಸ
12×14 ಅಂದರೆ 168 ಚದರಡಿ. ಸೆಕ್ಷನ್ 12 ಅಡಿ ಉದ್ದ ಬರುತ್ತೆ, ಅದನ್ನು 12 ಅಡಿಯ ದಿಕ್ಕಿಗೇ ಹಾಕಿ. ನಡುವೆ ಜೋಡಣೆಯೇ ಬರುವುದಿಲ್ಲ. 14 ಅಡಿಯಲ್ಲಿ 18 ಇಂಚಿಗೊಂದರಂತೆ 9 ಸಾಲು, 9 ಸೆಕ್ಷನ್. ಇಂಟರ್‌ಮೀಡಿಯೆಟ್ 14 ಅಡಿಯ ದಿಕ್ಕಿಗೆ ಮೂರು ಸಾಲು, ಗೋಡೆಯಿಂದ 2, 6, 10 ಅಡಿಯಲ್ಲಿ: 42 ಅಡಿ, 4 ಉದ್ದ. ಒಂದು ಸಾಲಿಗೆ ನಾಲ್ಕರಂತೆ 12 ಹ್ಯಾಂಗರ್, ಅಷ್ಟೇ ಕ್ಲೀಟು, ಫಾಸ್ಟನರ್. ಕ್ಲಿಪ್ 27, ಒಂದಷ್ಟು ಹೆಚ್ಚಿಗೆ. ಪೆರಿಮೀಟರ್ 52 ಅಡಿಗೆ 5 ಉದ್ದ.

ಬೋರ್ಡು 6×4, ಅಂದರೆ 24 ಚದರಡಿ. ಲೆಕ್ಕಕ್ಕೆ 7 ಸಾಕು. ಆದರೆ ಏಳರಲ್ಲೇ ಮುಗಿಸಿದರೆ ಅಡ್ಡ ಜಾಯಿಂಟುಗಳು ಮೂರೂ ಸಾಲಿನಲ್ಲಿ ಒಂದೇ ನೇರಕ್ಕೆ ಬರುತ್ತವೆ, 12 ಅಡಿ ಉದ್ದದ ಒಂದೇ ಬಿರುಕಿಗೆ ಅದು ಆಹ್ವಾನ. ನಡುವಿನ ಸಾಲನ್ನು 3 ಅಡಿ ತುಂಡಿನಿಂದ ಶುರು ಮಾಡಿ: 3, 6, 5 ಅಡಿ. ಅಂಚಿನ ಸಾಲುಗಳು 6, 6, 2. ಆಗ ಜಾಯಿಂಟೂ ತಪ್ಪಿಸಿದಂತೆ, ತುದಿಯೂ ಸೆಕ್ಷನ್ ಮೇಲೆ. ಇದಕ್ಕೆ 8 ಬೋರ್ಡು. 25 ಮಿ.ಮೀ. ಡ್ರೈವಾಲ್ ಸ್ಕ್ರೂ 300ಕ್ಕೂ ಮೇಲೆ. ಕಬ್ಬಿಣಕ್ಕೆ ಸಣ್ಣ ಗೀರಿನದು, ಮರಕ್ಕೆ ದೊಡ್ಡ ಗೀರಿನದು, ಕೇಳಿ ತನ್ನಿ. ಪೇಪರ್ ಟೇಪು ಗೋಡೆ ಸುತ್ತು ಸೇರಿ ಸುಮಾರು 32 ಮೀಟರ್.

ನಿಮ್ಮ ಎರಡು ಬೋರ್ಡಿನ ಕೆಲಸಕ್ಕೆ: 2 ಬೋರ್ಡು, 2 ಸೆಕ್ಷನ್, 2 ಕ್ಲೀಟು ಫಾಸ್ಟನರ್ ಸಮೇತ, ನೂರು ಸ್ಕ್ರೂ. ಹಳೆಯ ಬೋರ್ಡಿನ ದಪ್ಪ ಅಳೆದು ತನ್ನಿ, 9.5ರ ಪಕ್ಕ 12.5 ಕೂರಿಸಿದರೆ ಮೆಟ್ಟಿಲು ಬರುತ್ತೆ.

ಹೊಸನಗರ_ಹಂಚಿನಮನೆ
ಹಸಿರು ಬೋರ್ಡು ಹಾಕಿಸಿದರೆ ನೀರಿಗೆ ಏನೂ ಆಗುವುದಿಲ್ಲ ಅಂತಾರಲ್ಲ?

ಸೀಲಿಂಗ್_ಕೆಲಸ
ಆಗುತ್ತೆ. ಹಸಿರು ಅಂದರೆ ತೇವದ ಗಾಳಿ ತಡೆಯುವುದು, ಸೋರಿಕೆ ತಡೆಯುವುದಲ್ಲ. ತಾರಸಿಯ ಕೆಳಗೆ, ಅಡುಗೆಮನೆಗೆ ಅದೇ ಹಾಕಿ, ಹೆಚ್ಚಿನ ದುಡ್ಡಿಗೆ ಮೋಸವಿಲ್ಲ. ಮೇಲಿಂದ ನೀರು ಸುರಿದರೆ ಅದೂ ಹೋಗುತ್ತೆ, ಸ್ವಲ್ಪ ತಡವಾಗಿ. ನಸುಗೆಂಪು ಬೋರ್ಡು ಬೆಂಕಿ ತಡೆಗೆ, ನೀರಿಗೆ ಸಂಬಂಧವಿಲ್ಲ. ಯಾವುದೇ ಆದರೂ ಹಿಂಬದಿಯಲ್ಲಿ ಐಎಸ್ 2095 (ಜಿಪ್ಸಂ ಬೋರ್ಡಿನ ಭಾರತೀಯ ಮಾನಕ) ಗುರುತು ನೋಡಿ. ಬಚ್ಚಲಿನೊಳಗೆ ಜಿಪ್ಸಂ ಬಿಟ್ಟು ಕ್ಯಾಲ್ಸಿಯಂ ಸಿಲಿಕೇಟ್ ಅಥವಾ ಪಿವಿಸಿ.

ತೀರ್ಥಹಳ್ಳಿ_ಮೇಸ್ತ್ರಿ
ನನ್ನ ಪ್ರಕಾರ ಬಚ್ಚಲಿನಡಿಯ ಭಾಗಕ್ಕೆ 2×2 ಅಡಿಯ ಗ್ರಿಡ್ ಸೀಲಿಂಗ್ ಒಳ್ಳೆಯದು. ಟೈಲ್ ಎತ್ತಿದರೆ ಪೈಪು ಕಾಣುತ್ತೆ, ನೆನೆದರೆ ಒಂದು ಟೈಲ್ ಹೋಗುತ್ತೆ.

ಸೀಲಿಂಗ್_ಕೆಲಸ
ಹಾಲಿಗೆ ಗ್ರಿಡ್ ಹಾಕಿದರೆ ಆಫೀಸಿನಂತೆ ಕಾಣುತ್ತೆ ಮೇಸ್ತ್ರಿಗಳೇ, ಮನೆಯವರು ಒಪ್ಪುವುದು ಕಷ್ಟ. ಅದೇ ಕೆಲಸಕ್ಕೆ ಒಂದೂವರೆ ಅಡಿ ಚೌಕದ ಟ್ರ್ಯಾಪ್ ಡೋರ್ ಸಾಕು. ಪೈಪು ಕೂಡುವ ಜಾಗದ ಹತ್ತಿರ, ಎರಡು ಸೆಕ್ಷನ್ ನಡುವೆ ಬರುವ ಹಾಗೆ, ನಾಲ್ಕೂ ಕಡೆ ಸೆಕ್ಷನ್ ತುಂಡಿನ ಚೌಕಟ್ಟು ಕೊಟ್ಟು ಇಡಿ.

ಬೋರ್ಡು ಏರಿಸುವುದಕ್ಕೆ ಬರೋಣ. ಅಂಗಡಿಯಿಂದ ತಂದ ಬೋರ್ಡನ್ನು ಗೋಡೆಗೆ ಒರಗಿಸಬೇಡಿ, ಮಳೆಗಾಲದಲ್ಲಿ ಒಂದೇ ರಾತ್ರಿಗೆ ಬಿಲ್ಲಿನಂತೆ ಬಾಗುತ್ತೆ. ನೆಲದಿಂದ ಎತ್ತರಿಸಿ, ನಾಲ್ಕು ರೀಪಿನ ಮೇಲೆ ಮಟ್ಟಸವಾಗಿ ಮಲಗಿಸಿ, ಅದೇ ಕೋಣೆಯಲ್ಲಿ ಒಂದು ದಿನ ಇರಲಿ. ಒಂದು ಬೋರ್ಡು 20 ಕೆಜಿ ಹತ್ತಿರ. ಇಬ್ಬರು ಬೇಕು, ಜೊತೆಗೆ ಟಿ ಆಕಾರದ ಆಸರೆ. ಅಡಿಕೆ ಗಳಕ್ಕೆ 3 ಅಡಿಯ ಅಡ್ಡಪಟ್ಟಿ ಬಡಿದರೆ ಆಯಿತು, ಎತ್ತರ ಸೀಲಿಂಗಿಗಿಂತ ಅರ್ಧ ಇಂಚು ಹೆಚ್ಚಿರಲಿ, ಬಿಗಿಯಾಗಿ ನಿಲ್ಲುತ್ತೆ.

ಏರಿಸುವ ಮುಂಚೆ ಸೆಕ್ಷನ್ನುಗಳ ಅಡಿ ದಾರ ಎಳೆದು ಮಟ್ಟ ನೋಡಿ. ಹಳೆಯ ಬೋರ್ಡಿನ ಅಂಚು ಸೆಕ್ಷನ್ನಿನ ಮಧ್ಯದಲ್ಲಿ ಮುಗಿದಿರಬೇಕು. ಸೆಕ್ಷನ್ನಿನ ಮುಖ 51 ಮಿ.ಮೀ. ಅಗಲ, ಹೊಸದಕ್ಕೆ 25, ಹಳೆಯದಕ್ಕೆ 25 ಸಿಗುತ್ತೆ. ಕಾಗದ ಮಡಚಿದ ಅಂಚಿನಿಂದ ಸ್ಕ್ರೂ 10 ಮಿ.ಮೀ. ಒಳಗೆ, ಕತ್ತರಿಸಿದ ಅಂಚಿನಿಂದ 15. ಇದಕ್ಕಿಂತ ಅಂಚಿಗೆ ಹೋದರೆ ಜಿಪ್ಸಂ ಪುಡಿಯಾಗುತ್ತೆ. ಆಸರೆ ಇಲ್ಲದೆ ಕತ್ತರಿಸಿದ ಅಂಚಿದ್ದರೆ ಹಿಂದೆ ಸೆಕ್ಷನ್ ತುಂಡು ಇಟ್ಟು, ಮೊದಲು ಹಳೆಯ ಬೋರ್ಡಿಗೆ ಬಿಗಿದು, ಆಮೇಲೆ ಹೊಸದನ್ನು ಅದಕ್ಕೆ ಕೂರಿಸಿ. ಸ್ಕ್ರೂ ನಡುವಿನಿಂದ ಶುರು ಮಾಡಿ ಅಂಚಿಗೆ ಹೋಗಿ, 9 ಇಂಚಿಗೊಂದು. ಎರಡೂ ತುದಿ ಮೊದಲು ಬಿಗಿದರೆ ನಡುಭಾಗ ಉಬ್ಬಿ ನಿಲ್ಲುತ್ತೆ.

ಸ್ಕ್ರೂ ತಲೆ ಕಾಗದದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗೆ ಹೋಗಬೇಕು, ಕಾಗದ ಮಾತ್ರ ಹರಿಯಬಾರದು. ಕೈ ಆಡಿಸಿದರೆ ತಲೆ ಎಡವಬಾರದು, ಸುತ್ತ ಬಿಳಿ ಪುಡಿಯೂ ಕಾಣಬಾರದು. ಹರಿದರೆ ಅದನ್ನು ಬಿಟ್ಟು ಎರಡು ಇಂಚು ಪಕ್ಕದಲ್ಲಿ ಇನ್ನೊಂದು ಹಾಕಿ. ಹರಿದ ಸ್ಕ್ರೂ ಏನನ್ನೂ ಹಿಡಿದಿರುವುದಿಲ್ಲ.

ಬಣ್ಣದಂಗಡಿ_ಗೋಪಾಳ
ಜಾಯಿಂಟಿನ ಬಗ್ಗೆ ನಾನು ಹೇಳುತ್ತೇನೆ, ದೂರು ಬರುವುದು ಕೊನೆಗೆ ನಮ್ಮ ಹತ್ತಿರವೇ. ಗೋಡೆಗೆ ಹಚ್ಚುವ ವೈಟ್ ಸಿಮೆಂಟ್ ಪುಟ್ಟಿಯನ್ನು ಜಾಯಿಂಟಿಗೆ ತುಂಬಬೇಡಿ. ಜಿಪ್ಸಂ ಮೇಲೆ, ಅದೂ ತೇವ ಇದ್ದಲ್ಲಿ, ಅದು ಕಚ್ಚಿಕೊಂಡು ಉಳಿಯುವುದಿಲ್ಲ. ಜಾಯಿಂಟಿಂಗ್ ಕಾಂಪೌಂಡೇ ಬೇಕು. ಮಳೆಗಾಲಕ್ಕೆ ನೀರು ಬೆರೆಸಿದ ಮೇಲೆ ತಾನೇ ಗಟ್ಟಿಯಾಗುವ ಪುಡಿ ತೆಗೆದುಕೊಳ್ಳಿ. ಡಬ್ಬಿಯ ರೆಡಿಮಿಕ್ಸ್ ಒಣಗಿಯೇ ಗಟ್ಟಿಯಾಗಬೇಕು. ಬೇಸಿಗೆಯಲ್ಲಿ ಒಂದು ದಿನ ಸಾಕಾದದ್ದು ಈಗ ಮೂರು ದಿನ ಹಿಡಿಯಬಹುದು, ಬೂಷ್ಟು ಬಂದರೂ ಬಂತು.

ಅಂಚು ತೆಳ್ಳಗಿರುವ ಉದ್ದದ ಜಾಯಿಂಟು ಸುಲಭ: ಕಾಂಪೌಂಡ್ ತುಂಬಿ, ಪೇಪರ್ ಟೇಪು ಮಧ್ಯಕ್ಕೆ ಕೂರಿಸಿ, ಪಟ್ಟಿಯಲ್ಲಿ ಒತ್ತಿ ಒಳಗಿನ ಗಾಳಿ ತೆಗೆಯಿರಿ. ಟೇಪಿನಡಿ ಕಾಂಪೌಂಡ್ ಇಲ್ಲದ ಕಡೆ ಗುಳ್ಳೆ ಬರುತ್ತೆ. ಬಂದರೆ ಸೀಳಿ ತೆಗೆದು ಮತ್ತೆ ಹಾಕಬೇಕು, ಮೇಲೆ ಬಳಿದರೆ ಹೋಗುವುದಿಲ್ಲ. ಎರಡನೇ ಕೋಟು 8 ಇಂಚು ಅಗಲ, ಮೂರನೆಯದು 12. ಕತ್ತರಿಸಿದ ಅಂಚುಗಳು ಕೂಡುವ ಅಡ್ಡ ಜಾಯಿಂಟು ಕಷ್ಟ. ಎರಡೂ ಅಂಚನ್ನು ಚಾಕುವಿನಿಂದ ಓರೆಯಾಗಿ ಕೆತ್ತಿ ಸಣ್ಣ ಕಾಲುವೆ ಮಾಡಿ ಮೊದಲು ಅದನ್ನು ತುಂಬಿ, ಆಮೇಲೆ ಟೇಪು. ಅಲ್ಲಿ ಟೇಪು ಮೇಲೆದ್ದೇ ಇರುತ್ತೆ, ಆದ್ದರಿಂದ ಎರಡೂ ಕಡೆ ಸೇರಿ 18ರಿಂದ 24 ಇಂಚಿನವರೆಗೆ ತೆಳುವಾಗಿ ಎಳೆದು ಉಬ್ಬನ್ನು ಮರೆಸಬೇಕು. ಫೈಬರ್ ಜಾಲರಿ ಟೇಪು ಅಂಟಿಸುವುದು ಸುಲಭ ಅಂತ ಎಲ್ಲರೂ ಅದನ್ನೇ ಕೇಳುತ್ತಾರೆ. ಸೀಲಿಂಗಿನ ಅಡ್ಡ ಜಾಯಿಂಟಿಗೆ ಪೇಪರೇ ಗಟ್ಟಿ.

ಬಣ್ಣಕ್ಕೆ ಬಂದರೆ, ಉಳಿಸಿಕೊಂಡ ಬೋರ್ಡಿನ ಕಂದು ಕಲೆಗೆ ನೀರಿನ ಪ್ರೈಮರ್ ಹೊಡೆದರೆ ಕಲೆ ಕರಗಿ ಮತ್ತೆ ಮೇಲೆ ಬರುತ್ತೆ, ಎಷ್ಟು ಕೋಟು ಹೊಡೆದರೂ ಅಷ್ಟೇ. ಕಲೆಯ ಮೇಲೆ ಮತ್ತು ಸ್ಕ್ರೂ ತಲೆಗಳ ಮೇಲೆ ಆಯಿಲ್ ಪ್ರೈಮರ್, ಅದು ಒಣಗಿದ ಮೇಲೆ ಇಡೀ ಸೀಲಿಂಗಿಗೆ ನೀರಿನ ಪ್ರೈಮರ್, ಆಮೇಲೆ ಎಮಲ್ಷನ್ ಎರಡು ಕೋಟು. ತೇಪೆ ಹಾಕಿದಷ್ಟಕ್ಕೆ ಮಾತ್ರ ಬಣ್ಣ ಹೊಡೆದರೆ ಚೌಕ ಎದ್ದು ಕಾಣುತ್ತೆ, ಪೂರ್ತಿ ಹೊಡೆಸಿ. ಹೊಳಪಿನ ಬಣ್ಣ ಬೇಡ, ಮ್ಯಾಟ್ ಇರಲಿ.

ಹೊಸನಗರ_ಹಂಚಿನಮನೆ
ಹಂಚಿನ ಮಾಡಿನ ಕೆಳಗೆ ಇದೇ ಜಿಪ್ಸಂ ಕಟ್ಟಬಹುದಾ? ಈಗ ಇರುವ ಬೋರ್ಡು ಎರಡು ಕಡೆ ಕಳಚಿದೆ. ಪಕಾಸಿಗೆ (ಮಾಡಿನ ಇಳಿಜಾರು ಮರ) ರೀಪು ಹೊಡೆದು, ರೀಪಿಗೆ ಬೋರ್ಡು ಮೊಳೆ ಹೊಡೆದಿದ್ದಾರೆ.

ತೀರ್ಥಹಳ್ಳಿ_ಮೇಸ್ತ್ರಿ
ಹೊಸನಗರದ ಮಳೆಗೆ ಹಂಚಿನಡಿ ಜಿಪ್ಸಂ ನನಗೆ ಒಪ್ಪಿಗೆ ಇಲ್ಲ. ಗಾಳಿ ಮಳೆಗೆ ಹಂಚಿನ ಸಂದಿಯಿಂದ ಎರಚಲು ಬಂದೇ ಬರುತ್ತೆ. ಮಂಗ ಒಂದು ಹಂಚು ಜರುಗಿಸಿದರೆ ಕೆಳಗಿದ್ದವರಿಗೆ ಗೊತ್ತಾಗುವುದೇ ಬೋರ್ಡು ಕಪ್ಪಾದ ಮೇಲೆ. ನಿಮ್ಮಲ್ಲಿ ಕಳಚಿದ್ದಕ್ಕೆ ಇನ್ನೊಂದು ಕಾರಣ ಮೊಳೆ. ಮರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತೆ, ಕೆಳಗಿನಿಂದ ಹೊಡೆದ ಮೊಳೆ ವರ್ಷ ವರ್ಷ ಸಡಿಲವಾಗುತ್ತೆ. ಹಾಕಲೇಬೇಕು ಅಂದರೆ ಪಕಾಸಿನ ಪಕ್ಕಕ್ಕೆ ಅಡ್ಡಲಾಗಿ ಸ್ಕ್ರೂ ಹಾಕಿ ಹ್ಯಾಂಗರ್ ಇಳಿಸಿ, ಜಿಐ ಫ್ರೇಮು ಕಟ್ಟಿ. ಎಳೆತ ಸ್ಕ್ರೂವಿಗೆ ಅಡ್ಡ ಬೀಳುತ್ತೆ, ಕಿತ್ತುಬರುವುದಿಲ್ಲ. ಮೇ ತಿಂಗಳೊಳಗೆ ಹಂಚು ಕೈಯಾಡಿಸುವಾಗ ಮೇಲಿಂದ ನೋಡಿಕೊಳ್ಳಲು ದಾರಿ ಇರಲಿ. ನನ್ನನ್ನು ಕೇಳಿದರೆ ಹಳೆಯ ಮನೆಗಳ ಮರದ ಮುಚ್ಚಿಗೆಯೇ ಸರಿ. ಖರ್ಚು ಕಡಿಮೆ ಆಗಬೇಕಾದರೆ ಪಿವಿಸಿ, ಒಲೆಯ ಹತ್ತಿರ ಮಾತ್ರ ಬೇಡ.

ಅಡಿಕೆ_ತೋಟ_ಕೊಪ್ಪ
ಒಡೆದ ಬೋರ್ಡನ್ನು ತೋಟಕ್ಕೆ ಹಾಕಬಹುದಾ? ಗೊಬ್ಬರದಂಗಡಿಯಲ್ಲಿ ಜಿಪ್ಸಂ ಮಾರುತ್ತಾರಲ್ಲ.

ಸೀಲಿಂಗ್_ಕೆಲಸ
ಬೇಡ. ಗೊಬ್ಬರದಂಗಡಿಯದು ಬರೀ ಜಿಪ್ಸಂ. ಇದರಲ್ಲಿ ಕಾಗದ, ಬಣ್ಣ, ಪ್ರೈಮರ್, ಸ್ಕ್ರೂ ಎಲ್ಲ ಸೇರಿದೆ. ನಮ್ಮ ಹುಳಿ ಮಣ್ಣಿಗೆ ಸುಣ್ಣದ ಬದಲು ಅಂತ ಹಾಕುವುದಾದರೆ ಅದೂ ಆಗದು. ಜಿಪ್ಸಂ ಕ್ಯಾಲ್ಸಿಯಂ, ಗಂಧಕ ಕೊಡುತ್ತೆ, ಮಣ್ಣಿನ ಹುಳಿ ಇಳಿಸುವುದಿಲ್ಲ. ನೀರು ನಿಲ್ಲುವ ಗುಂಡಿಗೆ ಹಾಕಿ ಮುಚ್ಚಿದರೆ ಕೊಳೆತ ಮೊಟ್ಟೆಯ ವಾಸನೆ ಏಳುತ್ತೆ. ಚೀಲಕ್ಕೆ ತುಂಬಿ ಕಟ್ಟಡ ತ್ಯಾಜ್ಯದ ಜೊತೆ ಕಳಿಸಿ.

ವಿನೋಬನಗರ_ಮನೆ
ಸರಿ. ಹಾಗಾದರೆ ಈಗ ಫ್ರೇಮು ಸರಿ ಮಾಡಿ, ಎರಡು ಹಸಿರು ಬೋರ್ಡು ಏರಿಸಿ, ಜಾಯಿಂಟು, ಬಣ್ಣ ಎಲ್ಲ ಒಟ್ಟಿಗೆ ಮುಗಿಸಲಾ?

ಸೀಲಿಂಗ್_ಕೆಲಸ
ಫ್ರೇಮು ಈಗಲೇ ಮಾಡಿ. ಬೋರ್ಡು, ಪ್ಲಾಸ್ಟಿಕ್ ಹಾಳೆಯ ಒಳಮುಖ ಒಣಗಿದ ಮೇಲೆ, ಒಂದು ಜೋರು ಮಳೆಯಲ್ಲಿ ಸ್ಲ್ಯಾಬಿನಡಿ ಹನಿ ಇಲ್ಲ ಅಂತ ಕಣ್ಣಾರೆ ನೋಡಿದ ಮೇಲೆ. ಅದಕ್ಕಾಗಿಯೇ ಸೀಲಿಂಗ್ ತೆರೆದಿಟ್ಟು ಒಂದಷ್ಟು ವಾರ ಬದುಕುವುದು ಕೆಡುಕೇನಲ್ಲ.

ಬಣ್ಣದಂಗಡಿ_ಗೋಪಾಳ
ಜಾಯಿಂಟು ಬೋರ್ಡಿನ ಜೊತೆಗೇ ಮಾಡಿ, ಕಲೆ, ಸ್ಕ್ರೂ ತಲೆಗೆ ಆಯಿಲ್ ಪ್ರೈಮರ್ ಆದ ಮೇಲೆ ನೀರಿನ ಪ್ರೈಮರ್ ಒಂದು ಕೋಟು ಹೊಡೆದು ನಿಲ್ಲಿಸಿ. ಕೊನೆಯ ಎಮಲ್ಷನ್ ನವೆಂಬರ್ ದಾಟಲಿ. ಅಷ್ಟರಲ್ಲಿ ಜಾಯಿಂಟು ಬಿರಿಯುವುದಿದ್ದರೆ ಬಿರಿದಿರುತ್ತೆ, ಬಣ್ಣದ ದುಡ್ಡು ಒಂದೇ ಸಲ ಹೋಗುತ್ತೆ.